ಆರು ವರ್ಷ ಬಳಸಿದ ಪೇಂಟ್ ಸ್ಟಿಕ್: ಬ್ರೈಡಲ್ ಮೇಕಪ್‌ಗೆ ಇಳಿಯೋರು ಕೊಳ್ಳೋ ಮುಂಚೆ

ನನ್ನ ಮೇಕಪ್ ಪೆಟ್ಟಿಗೆಯಲ್ಲಿ ಆರು ವರ್ಷದಿಂದ ಜಾಗ ಬಿಟ್ಟುಕೊಡದೆ ಕೂತಿರೋದು ಒಂದೇ ವಸ್ತು, ಕ್ರಯೋಲನ್ ಟಿವಿ ಪೇಂಟ್ ಸ್ಟಿಕ್. ಆಮೇಲೆ ತಂದ ಬಾಟಲಿ ಫೌಂಡೇಶನ್‌ಗಳಲ್ಲಿ ಅರ್ಧ ತಂಗಿ ಪಾಲಾಯ್ತು, ಅರ್ಧ ಕಸದ ಡಬ್ಬಿ ಪಾಲಾಯ್ತು. ಮನೆ ರಾಜಾಜಿನಗರ, ಕೆಲಸ ಮಾತ್ರ ಬೆಂಗಳೂರಿನ ನಾಲ್ಕೂ ದಿಕ್ಕಿನ ಛತ್ರಗಳಲ್ಲಿ. ಹೊಸದಾಗಿ ಈ ಕೆಲಸಕ್ಕೆ ಬರೋ ಹುಡುಗೀರು ‘ಅಕ್ಕಾ, ಮೊದಲು ಯಾವ ಬೇಸ್ ತಗೊಳ್ಳಲಿ?’ ಅಂತ ಕೇಳ್ತಾನೇ ಇರ್ತಾರೆ. ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಗಂಟಲು ಕಟ್ಟಿತು, ಅದಕ್ಕೇ ಒಂದೇ ಸಲ ಬರೆದಿಡ್ತಿದ್ದೀನಿ. ಕಂಪನಿಯಿಂದ ನನಗೆ ಐದು ಪೈಸೆ ಬಂದಿಲ್ಲ, ಎಲ್ಲ ಸ್ಟಿಕ್ಕೂ ಸ್ವಂತ ದುಡ್ಡಿಂದು.

ಗೊತ್ತಿಲ್ಲದೋರಿಗೆ: ಇದು ದಪ್ಪ ಲಿಪ್‌ಸ್ಟಿಕ್ ತರ ತಿರುಗಿಸಿ ಮೇಲೆ ಬರಿಸೋ 25 ಗ್ರಾಂ ಕ್ರೀಮ್ ಬಣ್ಣ, ಮಿಕ್ಕ ಮೇಕಪ್‌ಗೆಲ್ಲ ತಳಪಾಯ, ಅಂದ್ರೆ ಬೇಸ್. ಕಂಪನಿ 1945ರಲ್ಲಿ ಬರ್ಲಿನ್‌ನಲ್ಲಿ ಶುರುವಾಗಿದ್ದು, ನಾಟಕ, ಸಿನಿಮಾದವರಿಗೆ ಬಣ್ಣ ಒದಗಿಸ್ತಾ ಬೆಳೆದಿದ್ದು. ಹೆಸರಲ್ಲೇ ‘ಟಿವಿ’ ಇದೆ ನೋಡಿ, ಸ್ಟುಡಿಯೋ ಲೈಟಿಗೆ ಅಂತ ಹುಟ್ಟಿದ ವಸ್ತು. ಅಂದ್ರೆ ಒಳಗೆ ಬಣ್ಣದ ಪುಡಿ ಭರ್ತಿ ಇರುತ್ತೆ, ಕಡಲೆಕಾಳಿನಷ್ಟು ತಗೊಂಡ್ರೆ ಒಂದು ಮುಖ ಮುಗಿಯುತ್ತೆ. ಕ್ಲಾಸಿನಲ್ಲಿ ಇದನ್ನ ಯಾರೂ ಹೇಳಿಕೊಡಲಿಲ್ಲ. ನಾನು ಮೊದಲ ಸಲ ಹಣೆ, ಕೆನ್ನೆ, ಗಲ್ಲಕ್ಕೆಲ್ಲ ಉದ್ದುದ್ದ ಗೆರೆ ಎಳೆದು ತಿಕ್ಕಿದ್ದೆ. ಗೋಡೆಗೆ ಪುಟ್ಟಿ ಹಾಕಿದ ಹಾಗಿತ್ತು.

ಆ ಮೊದಲ ಮದುವೆ ಇನ್ನೂ ಕಣ್ಣ ಮುಂದಿದೆ. ಹುಡುಗಿ ಎಣ್ಣೆಗೆಂಪು ಬಣ್ಣದವಳು, ಲಕ್ಷಣವಾದ ಮುಖ. ಅವರಮ್ಮ ನನ್ನ ಪಕ್ಕ ನಿಂತು, ‘ನೋಡಮ್ಮ, ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ ಮಾಡು, ಗಂಡಿನ ಕಡೆಯವರೆಲ್ಲ ಬಿಳುಪು’ ಅಂದ್ರು. ಎರಡು ಶೇಡ್ ತಿಳಿ ಇದ್ದ ಸ್ಟಿಕ್ ಬಳಿದೆ. ರೂಮಿನ ಟ್ಯೂಬ್‌ಲೈಟಲ್ಲಿ ಎಲ್ಲರೂ ಆಹಾ ಅಂದ್ರು. ವೇದಿಕೆಯ ಎಲ್‌ಇಡಿ ಬೆಳಕಿಗೆ ಹೋದ ಮೇಲೆ ಮುಖ ಬೂದಿ ಬಳಿದ ಹಾಗೆ, ಕತ್ತು ಬೇರೆ, ಕೈ ಬೇರೆ. ಅವಳು ಅಕ್ಷತೆಗೆ ಕೈ ಚಾಚಿದಾಗ ಆ ಕೈಯೂ ಆ ಮುಖವೂ ಒಬ್ಬಳದೇ ಅನ್ನಿಸಲಿಲ್ಲ. ಆಲ್ಬಮ್ ಬಂದ ಮೇಲೆ ಅವರಮ್ಮ ಫೋನ್ ಮಾಡಿ ಬಯ್ಯಲಿಲ್ಲ, ‘ನಮ್ಮ ಮಗಳು ಅನ್ನಿಸಲಿಲ್ಲಮ್ಮ’ ಅಂದ್ರು ಅಷ್ಟೆ. ತಪ್ಪು ಸ್ಟಿಕ್‌ದಲ್ಲ, ನನ್ನದು.

ಅಲ್ಲಿಂದ ಶೇಡ್ ಹುಡುಕೋದು ಬಿಟ್ಟೆ, ಬೆರೆಸೋದು ಕಲಿತೆ. ಎಲ್ಲರೂ ಹೇಳೋ ಎಫ್‌ಎಸ್ 38, ಎಫ್‌ಎಸ್ 45 ಅನ್ನೋ ಶೇಡ್ ಎರಡೂ ನನ್ನ ಹತ್ರ ಇವೆ, ಜೊತೆಗೆ ಒಂದು ಗಾಢ ಕಂದು, ಮತ್ತೆ ಕಣ್ಣ ಕೆಳಗಿನ ಕಪ್ಪಿಗೆ, ಬಾಯಿ ಸುತ್ತಲ ಕಪ್ಪಿಗೆ ಕಿತ್ತಳೆ ಬಣ್ಣದ ಕರೆಕ್ಟರ್. ಈ ನಾಲ್ಕರಲ್ಲಿ ಬೆಂಗಳೂರಲ್ಲಿ ನಾನು ಕಂಡ ಹೆಚ್ಚುಕಮ್ಮಿ ಎಲ್ಲ ಮುಖಕ್ಕೂ ಬಣ್ಣ ಬಂದಿದೆ. ಸ್ಟೀಲ್ ಪ್ಯಾಲೆಟ್ ಮೇಲೆ ಚೂರು ಚೂರು ಕೆರೆದು, ಕಲಸಿ, ಕೆನ್ನೆಗಲ್ಲ, ದವಡೆಯಿಂದ ಕತ್ತಿನ ತನಕ ಒಂದು ಗೆರೆ ಎಳೆದು, ಹುಡುಗೀನ ಕಿಟಕಿ ಹತ್ರ ನಿಲ್ಲಿಸಿ ನೋಡ್ತೀನಿ. ಬೆಳಗಿನ ಜಾವ ಕಿಟಕಿಯಲ್ಲಿ ಬೆಳಕೆಲ್ಲಿ ಅಂತ ಕೇಳ್ತೀರಾ? ಅದಕ್ಕೇ ಟ್ರಯಲ್ ಅನ್ನೋದು ಇರೋದು. ಹಗಲಲ್ಲಿ ಕರೆಸಿ ಅವಳ ಅಳತೆಯ ಮಿಶ್ರಣ ನೋಟ್‌ಬುಕ್‌ನಲ್ಲಿ ಬರೆದುಕೊಳ್ತೀನಿ: ಇದು ಎರಡು ಪಾಲು, ಅದು ಒಂದು ಪಾಲು, ಕಿತ್ತಳೆ ಬಾಯಿ ಸುತ್ತ ಮಾತ್ರ.

ಬೆರೆಸೋದು ಹೊಸ ವಿದ್ಯೆಯೇನೂ ಅಲ್ಲ. ಅಮ್ಮನ ಊರು ಕುಂದಾಪುರದ ಕಡೆ. ಚಿಕ್ಕವಳಿದ್ದಾಗ ಯಕ್ಷಗಾನದ ಆಟ ಇದ್ದ ರಾತ್ರಿ ಬಣ್ಣ ಹಚ್ಚೋ ಚೌಕಿಗೆ ನುಗ್ಗಿ ಕೂರ್ತಿದ್ದೆ. ಬಿಳಿಗೆ ಸಫೇತ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ, ಕಲಸೋಕೆ ತೆಂಗಿನೆಣ್ಣೆ, ಇಷ್ಟರಲ್ಲೇ ವೇಷಧಾರಿಗಳು ಅಂಗೈಯಲ್ಲಿ ಕಲಸಿ ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚಿಕೊಳ್ತಿದ್ರು. ಅರವತ್ತು ಶೇಡ್ ಬೇಕು ಅಂತ ಯಾರೂ ಅಂದಿದ್ದು ಕೇಳಿಲ್ಲ.

ನಮ್ಮ ಮದುವೆಗಳಿಗೇ ಇರೋ ಒಂದು ತೊಂದರೆ ಯಾವ ಇಂಗ್ಲಿಷ್ ವಿಡಿಯೋದಲ್ಲೂ ಸಿಗಲ್ಲ: ಅರಿಶಿನ. ಹಿಂದಿನ ದಿನ ಅರಿಶಿನ ಶಾಸ್ತ್ರ ಆಗಿರುತ್ತೆ, ಮುಖ, ಕಿವಿ ಸಂದು, ಕೂದಲಂಚು ಎಲ್ಲ ಹಳದಿ. ಹುಡುಗಿ ಹೆದರಿಕೊಂಡು ಸೋಪು ಹಾಕಿ ತಿಕ್ಕಿರ್ತಾಳೆ. ಸೋಪಿನ ಕ್ಷಾರ ತಾಗಿದ್ರೆ ಅರಿಶಿನ ಕೆಂಪಿಗೆ ತಿರುಗುತ್ತೆ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಕೆಂಪಾಗುತ್ತಲ್ಲ, ಅದೇ ಕಥೆ. ಅರಿಶಿನದ ಬಣ್ಣ ನೀರಿಗೆ ಕರಗಲ್ಲ, ಎಣ್ಣೆಗೆ ಬಿಡುತ್ತೆ. ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಮೆಲ್ಲಗೆ ಒರೆಸಿ, ಐದು ನಿಮಿಷ ಬಿಟ್ಟು, ಎಣ್ಣೆಯ ಪಸೆ ಪೂರ್ತಿ ತೆಗೆದ ಮೇಲೇ ನಾನು ಬೇಸ್‌ಗೆ ಕೈ ಹಾಕೋದು. ಪಸೆ ಉಳಿದ್ರೆ ಸ್ಟಿಕ್ ಜಾರುತ್ತೆ. ಹಳದಿ ಪೂರ್ತಿ ಹೋಗಿಲ್ಲ ಅಂದ್ರೆ ಹಳದಿ ಛಾಯೆಯ ಬೇಸ್ ಕಮ್ಮಿ ಮಾಡ್ತೀನಿ, ಇಲ್ಲದಿದ್ರೆ ಫೋಟೋದಲ್ಲಿ ಕಾಮಾಲೆ ಬಂದವರ ಹಾಗೆ ಕಾಣ್ತಾರೆ.

ಇನ್ನು ಧಾರೆ ಹೊತ್ತಿನ ಪರೀಕ್ಷೆ. ಹಣೆಗೆ ಬಾಸಿಂಗ ಬಿಗಿದಿರುತ್ತೆ, ಮುಂದೆ ಹೋಮದ ಶಾಖ, ಕಣ್ಣಿಗೆ ಹೊಗೆ, ತಲೆ ಮೇಲೆ ಜೀರಿಗೆ ಬೆಲ್ಲ, ಮೇಲಿಂದ ಅಕ್ಷತೆ ಮಳೆ. ಜೀರಿಗೆ ಬೆಲ್ಲ ಕರಗಿ ಹಣೆಗೆ ಇಳಿದ್ರೆ ಯಾವ ದೇಶದ ಬಣ್ಣವೂ ನಿಲ್ಲಲ್ಲ. ಅದಕ್ಕೆ ಸೆರಗಿನ ಮರೆಯಲ್ಲಿ ಟಿಶ್ಯೂ ಹಿಡಿದ ಅಕ್ಕನೋ ಅತ್ತಿಗೆನೋ ಒಬ್ಬರು ಬೇಕು, ಅವರನ್ನ ಬೆಳಗ್ಗೆಯೇ ಗುರುತು ಮಾಡಿ ಹೇಳಿಕೊಟ್ಟಿರಿ, ಒತ್ತಬೇಕು, ಉಜ್ಜಬಾರದು ಅಂತ. ಮಿಕ್ಕಿದ್ದಕ್ಕೆಲ್ಲ ಈ ಸ್ಟಿಕ್ ತಡ್ಕೊಳ್ಳುತ್ತೆ, ಪೌಡರ್ ಸರಿಯಾಗಿ ಕೂತಿದ್ರೆ ಮಾತ್ರ. ಪೌಡರ್ ಹಾಕದೆ ಬಿಟ್ರೆ ಎರಡು ಗಂಟೆಯಲ್ಲಿ ಮೂಗಿನ ಪಕ್ಕ ಹೊಳೆಯೋಕೆ ಶುರು. ನಾನು ಅದೇ ಕಂಪನಿಯ ಟಿಎಲ್ 11 ಲೂಸ್ ಪೌಡರ್ ಬಳಸ್ತೀನಿ, ಪಫ್‌ನಲ್ಲಿ ಒತ್ತಿ ಒತ್ತಿ. ರೂಮಿಂದ ಹೊರಗೆ ಬಿಡೋ ಮುಂಚೆ ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೀರಿ. ಸಿಲಿಕಾ ಇರೋ ಪೌಡರ್ ಜಾಸ್ತಿ ಆದ್ರೆ ಅಥವಾ ಕೆಳಗೆ ಸನ್‌ಸ್ಕ್ರೀನ್‌ನ ಜಿಂಕ್, ಟೈಟಾನಿಯಂ ದಪ್ಪಗಿದ್ರೆ ಬಿಳಿ ಮಚ್ಚೆ ಅಲ್ಲೇ ಕಾಣುತ್ತೆ. ಛತ್ರದ ಫೋಟೋಗ್ರಾಫರ್ ಬಂದು ತೋರಿಸೋ ತನಕ ಕಾಯಬೇಡಿ.

ಇದು ಎಲ್ಲರಿಗೂ ಆಗುತ್ತಾ? ಇಲ್ಲ. ಮೇಣ, ಎಣ್ಣೆ ಸೇರಿದ ಯಾವ ಕ್ರೀಮ್ ಬೇಸ್ ಆದ್ರೂ ಮುಖಕ್ಕೆ ಸ್ವಲ್ಪ ಭಾರವೇ. ಮೊಡವೆ ಎದ್ದಿರೋ, ತುಂಬ ಎಣ್ಣೆ ಬರೋ ಚರ್ಮಕ್ಕೆ ನಾನು ಹಗುರ ದ್ರವದ ಬೇಸ್‌ಗೆ ಹೋಗ್ತೀನಿ. ಐವತ್ತು ದಾಟಿದ ಅಮ್ಮಂದಿರಿಗೆ ಇದನ್ನ ಹಚ್ಚಲೇ ಬೇಡಿ, ನಕ್ಕಾಗ ಗೆರೆಗಳಲ್ಲಿ ಕೂತುಬಿಡುತ್ತೆ. ಅವರಿಗೆ ಮಾಯಿಶ್ಚರೈಸರ್, ಬೇಕಾದ ಕಡೆ ಮಾತ್ರ ಒಂದು ಚೂರು ಕನ್ಸೀಲರ್, ಒಂದು ಒಳ್ಳೆ ಲಿಪ್‌ಸ್ಟಿಕ್ ಸಾಕು. ಹಗಲ ಹೊತ್ತು ಪಾರ್ಕಿನಲ್ಲಿ ನಡೆಯೋ ಪ್ರೀ ವೆಡ್ಡಿಂಗ್ ಶೂಟ್‌ಗೂ ಬೇಡ. ನನ್ನ ಅಂಕ ಐದಕ್ಕೆ ನಾಲ್ಕು.

ಅರ್ಧ ಬೆಲೆಗೆ ಸಿಗುತ್ತೆ ಅಂತ ಒಮ್ಮೆ ಪೇಟೆ ಕಡೆಯ ಒಂದು ಗಲ್ಲಿ ಅಂಗಡಿಯಲ್ಲಿ ‘ಅದೇ ಮಾಲು’ ತಂದೆ. ಡಬ್ಬಿ ಥೇಟ್ ಅದೇ, ಒಳಗೆ ಸೀಮೆಣ್ಣೆ ವಾಸನೆ. ಪುಣ್ಯಕ್ಕೆ ಮೊದಲು ನನ್ನ ಕೈಗೇ ಹಚ್ಚಿ ನೋಡಿದ್ದೆ, ಸಂಜೆ ಹೊತ್ತಿಗೆ ಕೆಂಪು ದದ್ದು. ಅಂದಿನಿಂದ ಬಿಲ್ಲು, ಬ್ಯಾಚ್ ನಂಬರು, ಆಮದು ಮಾಡಿದವರ ವಿವರದ ಚೀಟಿ ಇಲ್ಲದೆ ಏನೂ ಕೊಳ್ಳಲ್ಲ. ಚಿಕ್ಕಪೇಟೆ, ಬಳೇಪೇಟೆ ಕಡೆ ನಾನು ಈಗಲೂ ಹೋಗ್ತೀನಿ, ಆದ್ರೆ ಪಿನ್ನು, ಹತ್ತಿ, ಸ್ಪಾಂಜು, ಸವುರಿ, ಬಾಡಿಗೆ ಒಡವೆಗೆ.

ಸ್ಟಿಕ್ಕನ್ನ ನೇರ ಮುಖಕ್ಕೆ ಉಜ್ಜಬೇಡಿ, ಒಬ್ಬರ ಮೊಡವೆ ಇನ್ನೊಬ್ಬರಿಗೆ ದಾನ ಆಗುತ್ತೆ. ಸ್ಪ್ಯಾಚುಲಾದಲ್ಲಿ ಕೆರೆಯಿರಿ, ಪ್ಯಾಲೆಟ್ಟನ್ನ 70 ಪರ್ಸೆಂಟ್ ಸ್ಪಿರಿಟ್‌ನಲ್ಲಿ ಒರೆಸಿ. ಡಬ್ಬಿ ಮೇಲೆ ಮುಚ್ಚಳ ತೆಗೆದ ಪುಟ್ಟ ಭರಣಿಯ ಚಿತ್ರ, ಒಳಗೆ 12ಎಂ ಅಂತಲೋ 24ಎಂ ಅಂತಲೋ ಇರುತ್ತೆ, ತೆರೆದ ಮೇಲೆ ಅಷ್ಟು ತಿಂಗಳು ಅಂತ ಅರ್ಥ. ತೆರೆದ ತಾರೀಕು ಮಾರ್ಕರ್‌ನಲ್ಲಿ ಬರೆದುಬಿಡಿ. ಏಪ್ರಿಲ್ ಬಿಸಿಲಲ್ಲಿ ಪೆಟ್ಟಿಗೆ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋದ್ರೆ ವಾಪಸ್ ಬರೋ ಹೊತ್ತಿಗೆ ಪಾಯಸ.

ಈಗ ದುಡ್ಡಿನ ಮಾತು. ನಾನು ಕಲಿತ ಕಡೆ ಫೀಸಿನ ಮೇಲೆ ಅರವತ್ತು ಐಟಂ ಇರೋ ಕಿಟ್ ಕಡ್ಡಾಯ ಮಾಡಿ ತಲೆಗೆ ಕಟ್ಟಿದ್ರು. 48 ಬಣ್ಣದ ಐಶ್ಯಾಡೋದಲ್ಲಿ ನಾನು ಮುಟ್ಟಿದ್ದು ನಾಲ್ಕು: ಕಂದು, ಮರೂನ್, ಬಂಗಾರ, ಕಪ್ಪು. ಮಿಕ್ಕ ನೀಲಿ, ಹಸಿರು ಎಲ್ಲ ಹಾಗೇ ಅವಧಿ ಮುಗಿದು ಹೋಯ್ತು. ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ ಸಿಗುತ್ತೆ, ನಿಜ. ಆದ್ರೆ ಕಿಟ್ ಕೊಳ್ಳೋಕೆ ಸಾಲ ಮಾಡೋದು ನನಗೆ ಸರಿ ಕಾಣಲ್ಲ. ನಾಲ್ಕು ಸ್ಟಿಕ್, ಒಂದು ಪೌಡರ್, ಎರಡು ಲಿಪ್‌ಸ್ಟಿಕ್, ಒಂದು ಕಾಜಲ್, ರೆಪ್ಪೆಯ ಅಂಟು ಇಟ್ಕೊಂಡು ಅಕ್ಕಪಕ್ಕದ ಮನೆಯ ಸೀಮಂತ, ನಿಶ್ಚಿತಾರ್ಥ ಮಾಡಿ. ಬಂದ ದುಡ್ಡಲ್ಲಿ ಒಂದೊಂದೇ ಸೇರಿಸಿ.

ನೋಟ್‌ಬುಕ್ ತೆಗೆದು ನೋಡಿದ್ರೆ ನನ್ನ ಮೊದಲ ಸ್ಟಿಕ್ 37 ಮುಖಕ್ಕೆ ಬಂದಿದೆ, ದಪ್ಪಗೆ ಬಳಿದ ಕಾಲದಲ್ಲೂ. ಹಾಗಾಗಿ ಬೇಸ್ ದುಬಾರಿ ಅನ್ನೋ ಗೋಳಾಟ ನನಗೆ ಅರ್ಥ ಆಗಲ್ಲ. ಹೋದ ಸೀಸನ್‌ನ ಒಂದು ಧಾರೆ ಕೆಲಸದ ಲೆಕ್ಕ ನೋಡಿ. ಒಪ್ಪಿಕೊಂಡಿದ್ದು 14,000. ಸೀರೆ ಉಡಿಸೋಕೆ, ಮೊಗ್ಗಿನ ಜಡೆ ಹಿಡಿಯೋಕೆ ಜೊತೆಗೆ ಬಂದ ಹುಡುಗಿಗೆ 1,500. ಬೆಳಗಿನ ಜಾವ 3 ಗಂಟೆಗೆ ಮೆಟ್ರೊನೂ ಇಲ್ಲ, ಬಸ್ಸೂ ಇಲ್ಲ, ಯಲಹಂಕ ತನಕ ಕ್ಯಾಬ್ ಹೋಗಿ ಬರೋಕೆ 1,100. ರೆಪ್ಪೆ, ಪಿನ್ನು, ಸ್ಪ್ರೇ, ವೈಪ್ಸ್ 800. ಇದರಲ್ಲಿ ಬೇಸ್‌ನ ಖರ್ಚು ಭೂತಗನ್ನಡಿ ಹಾಕಿ ಹುಡುಕಬೇಕು. ದುಡ್ಡು ಸೋರೋದು ಬೇರೆ ಕಡೆ. ‘ಹೇಗೂ ಬಂದಿದ್ದೀರಲ್ಲ, ನಮ್ಮತ್ತೆಗೂ ಸ್ವಲ್ಪ ಟಚಪ್ ಮಾಡಿಬಿಡಿ’ ಅಂತಾರೆ. ಅತ್ತೆ ಆದ ಮೇಲೆ ಚಿಕ್ಕಮ್ಮ, ಚಿಕ್ಕಮ್ಮ ಆದ ಮೇಲೆ ಇಬ್ಬರು ನಾದಿನಿಯರು, ಕಡೆಗೆ ಹುಡುಗಿಗೇ ಹೊತ್ತು ಸಾಲದೆ ಪುರೋಹಿತರು ಬಾಗಿಲು ಬಡಿಯೋಕೆ ಶುರು ಮಾಡ್ತಾರೆ. ಒಂದು ಮುಖಕ್ಕೆ ಎಷ್ಟು, ಸೀರೆಗೆ ಎಷ್ಟು, ಓಡಾಟಕ್ಕೆ ಎಷ್ಟು ಅಂತ ವಾಟ್ಸ್ಯಾಪ್‌ನಲ್ಲಿ ಬರೆದು ಕಳಿಸಿ, ‘ಸರಿ’ ಅಂತ ಉತ್ತರ ಬಂದ ಮೇಲೇ ತಾರೀಕು ಹಿಡೀರಿ. ಮುಂಗಡ ವಾಪಸ್ ಇಲ್ಲ ಅನ್ನೋದನ್ನೂ ಅಲ್ಲೇ ಬರೀರಿ, ಮುಖ ನೋಡಿಕೊಂಡು ಹೇಳೋದು ಕಷ್ಟ.

ಆಷಾಢ, ಪಿತೃಪಕ್ಷ, ಧನುರ್ಮಾಸ ಈ ಮೂರರಲ್ಲಿ ಫೋನ್ ಸತ್ತ ಹಾಗೆ ಬಿದ್ದಿರುತ್ತೆ. ವೈಶಾಖದಲ್ಲಿ ಬಂದ ದುಡ್ಡು ಪೂರ್ತಿ ಸಂಪಾದನೆ ಅಂದ್ಕೊಂಡು ಮೊದಲ ವರ್ಷ ನಾನು ಆಷಾಢದಲ್ಲಿ ಅಮ್ಮನ ಹತ್ರ ಕೈ ಚಾಚಿದ್ದೆ. ಸಣ್ಣ ಉದ್ದಿಮೆಗಳಿಗೆ ಇರೋ ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ, ಏಜೆಂಟ್ ಕೇಳಿದ ದುಡ್ಡು ಕೊಡಬೇಡಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟೋ ತನಕ ಜಿಎಸ್‌ಟಿ ತಲೆನೋವು ಸಾಮಾನ್ಯವಾಗಿ ಇರಲ್ಲ. ಸಿನಿಮಾ ಕಡೆ ಹೋಗೋ ಆಸೆ ಇದ್ರೆ ಅದಕ್ಕೂ ಹೆದರಬೇಡಿ. ಹೆಂಗಸರು ಕೂದಲು ಬಾಚಬಹುದು, ಮೇಕಪ್ ಮಾಡೋ ಹಾಗಿಲ್ಲ ಅಂತ ಮುಂಬೈನ ಸಿನಿಮಾ ಮೇಕಪ್‌ನವರ ಸಂಘ ಇಟ್ಟಿದ್ದ ನಿಯಮವನ್ನ ಸುಪ್ರೀಂ ಕೋರ್ಟ್ 2014ರ ನವೆಂಬರ್‌ನಲ್ಲಿ ಕಿತ್ತು ಹಾಕಿದೆ. ಅಷ್ಟು ತಡವಾಗಿ ಅನ್ನೋದೇ ನನಗೆ ಇನ್ನೂ ಸೋಜಿಗ.

ಬೆಳ್ಳಗೆ ಮಾಡಿ ಅಂತ ಈಗಲೂ ಕೇಳ್ತಾರೆ. ನಾನು ವಾದ ಮಾಡೋಕೆ ಹೋಗಲ್ಲ. ಟ್ರಯಲ್ ದಿನ ಅರ್ಧ ಮುಖಕ್ಕೆ ಅವರು ಕೇಳಿದ್ದು, ಅರ್ಧ ಮುಖಕ್ಕೆ ಅವಳದೇ ಬಣ್ಣ ಹಚ್ಚಿ, ಬಾಲ್ಕನಿಗೆ ಕರ್ಕೊಂಡು ಹೋಗಿ ಕೈಯನ್ನ ಕೆನ್ನೆ ಪಕ್ಕ ಇಟ್ಟುಕೊಳ್ಳೋಕೆ ಹೇಳಿ ಫೋಟೋ ತೆಗೆದು ಅಮ್ಮನ ಕೈಗೆ ಕೊಡ್ತೀನಿ. ಹತ್ತರಲ್ಲಿ ಏಳೆಂಟು ಸಲ ಅಮ್ಮಂದಿರೇ ‘ಈ ಕಡೇದೇ ಇರಲಿ’ ಅಂತಾರೆ. ಒಪ್ಪದೇ ಇರೋರೂ ಇದ್ದಾರೆ, ಅಂಥ ಎರಡು ಕೆಲಸ ಕೈ ಬಿಟ್ಟಿದ್ದೀನಿ, ಒಂದನ್ನ ದುಡ್ಡಿಗೋಸ್ಕರ ಅವರು ಹೇಳಿದ ಹಾಗೇ ಮಾಡಿದ್ದೀನಿ.

ಮೊದಲ ಮೂರು ವರ್ಷ ನನ್ನ ಪೆಟ್ಟಿಗೆಯಲ್ಲಿ ಮೊದಲು ಖಾಲಿ ಆಗ್ತಿದ್ದದ್ದು ತಿಳಿ ಬಣ್ಣದ ಸ್ಟಿಕ್. ಹೋದ ವಾರ ಗಾಢ ಕಂದಿನ ತಳ ಕಂಡಿತು. ಎರಡು ಕೊಡಿ ಅಂದೆ. ಅಂಗಡಿಯಣ್ಣ ಕಪಾಟಿನ ಹಿಂದಿನ ಸಾಲಿನಿಂದ ಧೂಳು ಒರೆಸಿ ತೆಗೆದು, ‘ಇದನ್ನ ಯಾರೂ ಕೇಳೋದೇ ಇಲ್ವಲ್ಲಮ್ಮ’ ಅಂದ್ರು. ಇನ್ನೊಂದು ತಿಂಗಳಿಗೆ ಮತ್ತೆರಡು ತರಿಸಿಡಿ ಅಂತ ಹೇಳಿ ಬಂದಿದ್ದೀನಿ.