ಬೆಕ್ಕಿಗೆ ಮರಿ ಆಗದಂಗೆ ಆಪರೇಷನ್ ಮಾಡ್ಸಿದ್ದು, ದಾವಣಗೆರೆ ಕ್ಲಿನಿಕ್, ನಾಲ್ಕು ಸ್ಟಾರ್

ನಮ್ಮದು ಜಗಳೂರು ಕಡೆ ಹೊಲದ ಮನೆ, ರಂಗಯ್ಯನದುರ್ಗದ ಕೊಂಡುಕುರಿ ಕಾಡು ಹತ್ರಾನೇ, ರಾತ್ರಿ ಮೆಕ್ಕೆಜೋಳದ ಹೊಲಕ್ಕೆ ಕಾಡುಬೆಕ್ಕು (ಜಂಗಲ್ ಕ್ಯಾಟ್) ಇಲಿ ಹಿಡಿಯಕ್ಕೆ ಬರ್ತಾವೆ. ಈ ಸಲ ನಮ್ಮನೆ ಬೆಕ್ಕು ಹಾಕಿದ ಮರೀಲಿ ಒಂದಕ್ಕೆ ಮೈತುಂಬ ಪಟ್ಟೆ, ಕೈ ಹಾಕಿದ್ರೆ ಬುಸ್ ಅಂತಿತ್ತು. ಊರೋರೆಲ್ಲ ಇದು ಕಾಡುಬೆಕ್ಕಿಗೆ ಹುಟ್ಟಿದ್ದೇ ಅಂತ ತೀರ್ಪು ಕೊಟ್ರು, ನಮ್ಮ ಮಾವ ಅಂತೂ ಬೆಂಗಳೂರಾಗೆ ಬೆಂಗಾಲ್ ಕ್ಯಾಟ್ ಅಂತ ಹತ್ತು ಸಾವಿರಕ್ಕೆ ಮಾರಬೋದು ಅಂತ ಲೆಕ್ಕಾನೇ ಹಾಕಿಬಿಟ್ಟಿದ್ದ. ಮರಿ ಹಾಲು ಬಿಟ್ಟ ಮೇಲೆ ತಾಯಿನೂ ಮರಿನೂ ಟೊಮೆಟೊ ಕ್ರೇಟಿಗೆ ಹಾಕಿ, ಮೇಲೆ ಗೋಣಿಚೀಲ ಕಟ್ಟಿ ದಾವಣಗೆರೆಗೆ ಬಂದ್ವಿ.

ಡಾಕ್ಟ್ರು ಮರಿ ಬಾಲ ಎಳೆದು ತೋರ್ಸಿದ್ರು. ಕಾಡುಬೆಕ್ಕಿನ ಬಾಲ ಗಿಡ್ಡ, ಹಿಂಗಾಲಿನ ಗಿಣ್ಣಿನ ತಂಕ ಬಂದ್ರೆ ಹೆಚ್ಚು, ಕಾಲು ಉದ್ದ, ಕಿವಿ ತುದಿಲಿ ಸಣ್ಣ ಕಪ್ಪು ಜುಟ್ಟು. ನಮ್ಮದರ ಬಾಲ ನೋಡಿದ್ರೆ ಮೂಗುದಾರದ ಹಗ್ಗ. ಪಟ್ಟೆ ನೋಡಿ ಏನೂ ಹೇಳಕ್ಕಾಗಲ್ವಂತೆ, ಯಾಕಂದ್ರೆ ಕಾಡುಬೆಕ್ಕಿನ ಮರಿಗೂ ಚಿಕ್ಕದಿದ್ದಾಗ ಪಟ್ಟೆ ಇರ್ತವೆ, ಬೆಳೀತಾ ಮೈ ಪ್ಲೇನ್ ಮಣ್ಣು ಬಣ್ಣ ಆಗ್ತದೆ, ಖಾತ್ರಿ ಬೇಕಂದ್ರೆ ಡಿಎನ್‌ಎ ಟೆಸ್ಟೇ ಗತಿ. ಬೆಂಗಾಲ್ ತಳಿ ಬಂದಿದ್ದೂ ಚಿರತೆಬೆಕ್ಕು ಅನ್ನೋ ಬೇರೆ ಜಾತಿಯಿಂದ, ಕಾಡುಬೆಕ್ಕು ಮನೆಬೆಕ್ಕು ಮಿಕ್ಸ್ ಆದ ತಳಿಗೆ ಚೌಸಿ ಅಂತಾರೆ. ಜೊತೆಗೆ ಕಾಡುಬೆಕ್ಕಿನ ಮರಿ ತಂದು ಸಾಕೋದು, ಮಾರೋದು 1972ರ ವನ್ಯಜೀವಿ ಕಾಯ್ದೆಲಿ ಅಪರಾಧ ಅಂತ ಬೇರೆ ಅಂದ್ರು. ಮಾವ ಅಲ್ಲಿಂದ ಎದ್ದು ಟೀ ಕುಡಿಯಕ್ಕೆ ಹೋದ.

ಹಂಗಾದ್ರೆ ಆಪರೇಷನ್ ಯಾಕೆ ಬೇಕು ಅಂತ ಕೇಳಿದೆ. ಸ್ಕಾಟ್ಲೆಂಡಿನ ಕಥೆ ಹೇಳಿದ್ರು, ಅಲ್ಲಿ ಊರ ಬೆಕ್ಕು ಕಾಡಿನ ಬೆಕ್ಕಿನ ಜೊತೆ ಕೂಡಿ ಕೂಡಿ ಅಸಲಿ ತಳಿನೇ ಕರಗಿ ಹೋಗಿ, 2023ರಲ್ಲಿ ಸಾಕಿ ಬೆಳೆಸಿದ ಕಾಡಿನ ಬೆಕ್ಕುಗಳನ್ನ ಕೇರ್ನ್‌ಗಾರ್ಮ್ಸ್ ಕಾಡಿಗೆ ಬಿಡಬೇಕಾತಂತೆ. ನಮ್ಮಲ್ಲಿ ರಾಜಸ್ಥಾನದ ಮರುಭೂಮಿ ಬೆಕ್ಕಿಗೆ ಆ ಭಯ ಜಾಸ್ತಿ, ಅದು ಮನೆಬೆಕ್ಕಿನ ಹತ್ರದ ಸಂಬಂಧಿ, ಸಲೀಸಾಗಿ ಕೂಡ್ತವೆ. ನಮ್ಮ ಕಾಡುಬೆಕ್ಕು ಬೇರೆ ಜಾತಿ, ಅಪರೂಪಕ್ಕೆ ಕೂಡಿದ್ರೂ ಕೂಡ್ತವೆ, ಆದ್ರೆ ನಮ್ಮನೆ ಬೆಕ್ಕಿನ ರೋಗ ಅವಕ್ಕೆ ದಾಟೋದಂತೂ ಕೂಡದಿದ್ರೂ ಆಗ್ತದೆ. ಅದಕ್ಕೆ ವ್ಯಾಕ್ಸಿನ್ನೂ ಹಾಕ್ಸಿದ್ವಿ, ತಾಯಿಗೂ ಮರಿಗೂ.

ಹೊಲಿಗೆ ನೀಟಾಗಿತ್ತು, ಒಂದು ಬೆರಳಿನಷ್ಟು ಉದ್ದಾನೂ ಇಲ್ಲ, ಮಾರನೇ ದಿನಾನೇ ಹಾಲು ಕುಡೀತು. ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಮೂರು ಗಂಟೆ ಕಾಯ್ಸಿದ್ರು, ಅದೂ ನಾಯಿಗಳ ಪಕ್ಕ, ಕ್ರೇಟು ಒಳಗೇ ಯುದ್ಧ ನಡೀತಿತ್ತು. ಫೋನಲ್ಲಿ ಹದಿನೈದು ನೂರು ಅಂದೋರು ಬಿಲ್ಲಲ್ಲಿ ಇಪ್ಪತ್ತೆರಡು ನೂರು ಮಾಡಿದ್ರು, ಕೇಳಿದ್ರೆ ಔಷಧಿ ಬೇರೆ ಅಂದ್ರು, ಮೊದ್ಲೇ ಹೇಳಬೇಕಲ್ವಾ ಮಾರಾಯ.

ಇನ್ನೂ ಗಂಡುಬೆಕ್ಕು ಒಂದು ಬಾಕಿ ಐತೆ, ಅದು ಯಾವತ್ತು ಕ್ರೇಟಿಗೆ ಸಿಗ್ತದೋ ಅವತ್ತು ಮತ್ತೆ ಇಲ್ಲಿಗೇ ಬರ್ತೀವಿ.