ಮೇ ರಜೆಗೆ ಕೀನ್ಯಾ ಕರಾವಳಿ ಪ್ಯಾಕೇಜ್ ತಗೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಬೇಸಿಗೆ ರಜೆಗೆ ಕೀನ್ಯಾ ಕರಾವಳಿಗೆ ಹೊರಟವರು ದಯವಿಟ್ಟು ಮುಂಗಡ ಕಟ್ಟುವ ಮುಂಚೆ ಇದನ್ನು ಓದಿ. 'ಸಮ್ಮರ್ ಸ್ಪೆಷಲ್' ಅಂತ ಜಾಹೀರಾತು ಬರುತ್ತಿದೆ. ನೈರೋಬಿಯಿಂದ ಕಾರು, ಕರಾವಳಿಯ ಡಿಯಾನಿಯಲ್ಲಿ ಡೈವಿಂಗ್, ವಾಸಿನಿ ದ್ವೀಪಕ್ಕೆ ಹಾಯಿದೋಣಿ, ಕಿಲಿಫಿಯಲ್ಲಿ ಸಂಜೆಯ ಹಾಯಿ, ವಾಟಮುವಿನಲ್ಲಿ ಮತ್ತೆ ಡೈವಿಂಗ್, ವಾಪಸ್ ನೈರೋಬಿ. ಎಲ್ಲವೂ ಒಬ್ಬನೇ ಏಜೆಂಟನ ಕೈಯಲ್ಲಿ, ಒಂದೇ ರೇಟಿಗೆ. ಆ ರೇಟು ಉಳಿದ ಕಡೆಗಿಂತ ತುಂಬಾ ಕಮ್ಮಿ. ಯಾಕೆ ಕಮ್ಮಿ ಅನ್ನುವುದು ನಮಗೆ ಅಲ್ಲಿ ಹೋದ ಮೇಲೆ ಗೊತ್ತಾಯಿತು.

ಮೊದಲು ಗಾಳಿಯ ವಿಷಯ. ಪೂರ್ವ ಆಫ್ರಿಕಾದ ಕಡಲಿನಲ್ಲಿ ವರ್ಷಕ್ಕೆ ಎರಡು ಗಾಳಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಈಶಾನ್ಯದಿಂದ ಬರುವುದು ಕಸ್ಕಾಜಿ. ಏಪ್ರಿಲ್ ಹೊತ್ತಿಗೆ ಅದು ತಿರುಗಿ ದಕ್ಷಿಣದಿಂದ ಬೀಸಲು ಶುರುವಾಗುತ್ತದೆ, ಅದಕ್ಕೆ ಕೂಸಿ ಅನ್ನುತ್ತಾರೆ. ಅದರ ಜೊತೆಗೇ ಅಲ್ಲಿನ ದೊಡ್ಡ ಮಳೆಗಾಲ. ಕಡಲು ಒರಟಾಗುತ್ತದೆ, ನೀರು ಕದಡುತ್ತದೆ. ಮೇ, ಜೂನ್‌ನಲ್ಲಿ ಎಷ್ಟೋ ಡೈವಿಂಗ್ ಅಂಗಡಿಗಳು ಬಾಗಿಲು ಹಾಕಿ ದೋಣಿ ರಿಪೇರಿ ಮಾಡಿಸಿಕೊಳ್ಳುತ್ತವೆ. ಇದೇ ದಕ್ಷಿಣದ ಗಾಳಿ ಸಮಭಾಜಕ ದಾಟಿ, ಸೊಮಾಲಿಯಾ ಬದಿಯಲ್ಲಿ ಬಲಕ್ಕೆ ತಿರುಗಿ, ಜೂನ್‌ನಲ್ಲಿ ನಮ್ಮ ಮುಂಗಾರಾಗಿ ಬರುತ್ತದೆ. 1498ರಲ್ಲಿ ವಾಸ್ಕೋ ಡ ಗಾಮ ಏಪ್ರಿಲ್ ಕೊನೆಗೆ ಮಲಿಂದಿ ಬಿಟ್ಟು ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿದ್ದು ಇದೇ ಗಾಳಿ ಹಿಡಿದು. ಅವನಿಗೆ ಬೇಕಿದ್ದದ್ದು ಭಾರತಕ್ಕೆ ತಳ್ಳುವ ಗಾಳಿ. ನೀರಿನಡಿ ಮೀನು ನೋಡಲು ಹೋಗುವವರಿಗೆ ಅದರಿಂದ ಏನುಪಯೋಗ?

ನಮ್ಮ ಶಾಲೆಗಳ ರಜೆ ಬರುವುದು ಸರಿಯಾಗಿ ಈ ಹೊತ್ತಿಗೇ. ಇದು ಏಜೆಂಟನಿಗೆ ಚೆನ್ನಾಗಿ ಗೊತ್ತು. ಅಲ್ಲಿ ಹೋಟೆಲು, ದೋಣಿ, ಕಾರು ಎಲ್ಲಾ ಖಾಲಿ ಬಿದ್ದಿರುತ್ತವೆ. ಅರ್ಧ ಬೆಲೆಗೆ ಹಿಡಿದು ನಮಗೆ 'ಡಿಸ್ಕೌಂಟ್' ಅಂತ ಮಾರುತ್ತಾನೆ. ಒರಟು ಕಡಲು ನಮಗೂ ಹೊಸದಲ್ಲ: ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಳೆಗಾಲದಲ್ಲಿ ನೇತ್ರಾಣಿ ಡೈವಿಂಗೂ ಬಂದ್. ನಾನು ಡೈವಿಂಗ್ ಕಲಿತದ್ದು ಮುರುಡೇಶ್ವರದಲ್ಲಿ. ಹಾಗಾಗಿ ಫೋನಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆಯೇ ಕಡಲು ಹೇಗಿರುತ್ತದೆ ಅಂತ. 'ಹವಳದ ದಿಬ್ಬ ಇದೆ ಮೇಡಂ, ಒಳಗೆ ಕೆರೆ ಇದ್ದ ಹಾಗೆ ಇರುತ್ತದೆ' ಎಂದ. ಅರ್ಧ ಸತ್ಯ. ಡಿಯಾನಿಯಲ್ಲಿ ದಡಕ್ಕೆ ಸಮಾನಾಂತರವಾಗಿ ಹವಳದ ಸಾಲು ಇದೆ, ಅದರ ಒಳಗಿನ ನೀರು ಶಾಂತ. ಆದರೆ ಡೈವ್ ಮಾಡುವುದು ಆ ಸಾಲಿನ ಹೊರಗೆ! ಅದನ್ನು ಅವನು ಹೇಳಲಿಲ್ಲ.

ಅಕ್ಕ, ಭಾವ ನೈರೋಬಿಯಲ್ಲಿ ಇರುವುದರಿಂದ ಮೂವರೂ ಸೇರಿ ಹೊರಟೆವು. ನೈರೋಬಿಯಿಂದ ಮೊಂಬಾಸಾಕ್ಕೆ ಸುಮಾರು 480 ಕಿಲೋಮೀಟರ್. ರಸ್ತೆ ಚೆನ್ನಾಗಿಯೇ ಇದೆ. ಆದರೆ ಬಹುಪಾಲು ಅತ್ತ ಒಂದು, ಇತ್ತ ಒಂದು ಸಾಲು. ಮೊಂಬಾಸಾ ಬಂದರಿನಿಂದ ಉಗಾಂಡಾದವರೆಗೆ ಹೋಗುವ ಲಾರಿಗಳೆಲ್ಲಾ ಇದೇ ದಾರಿಯಲ್ಲಿ. ಓವರ್‌ಟೇಕ್ ಮಾಡುವವರ ಧೈರ್ಯ ನೋಡಿದರೆ ನಮ್ಮ ಶಿರಾಡಿ ಘಾಟಿಯವರೇ ಸಾಧುಗಳು ಅನ್ನಿಸಿತು. ಮ್ಟಿಟೊ ಅಂಡೈ ದಾಟಿದ ಮೇಲೆ ಎರಡೂ ಬದಿ ತ್ಸಾವೊ ಕಾಡು. ಹಗಲಲ್ಲಿ ನೋಡಲು ಸೊಗಸು. ರಾತ್ರಿ ಈ ರಸ್ತೆಯಲ್ಲಿ ಹೋಗಬೇಡಿ ಅಂತ ನೈರೋಬಿಯ ಕನ್ನಡದವರೆಲ್ಲಾ ಭಾವನಿಗೆ ಹೇಳಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಕಾರಿನ ಬಗ್ಗೆ ಒಂದು ಮಾತು. ಬಾಡಿಗೆಗೆ ಜನರನ್ನು ಒಯ್ಯುವ ವಾಹನಕ್ಕೆ ಅಲ್ಲಿ ಪಿಎಸ್‌ವಿ ಪರವಾನಗಿ, ಅದಕ್ಕೆ ತಕ್ಕ ವಿಮೆ ಬೇಕು. ನಮಗೆ ಬಂದದ್ದು ಯಾರದ್ದೋ ಮನೆಯ ಕಾರು. ದಾರಿಯಲ್ಲಿ ಪೊಲೀಸರು ನಿಲ್ಲಿಸಿದಾಗ 'ನಾವೆಲ್ಲಾ ಸ್ನೇಹಿತರು ಅಂತ ಹೇಳಿ' ಎಂದು ಡ್ರೈವರ್ ಪಿಸುಗುಟ್ಟಿದ. ಅಪಘಾತವಾಗಿದ್ದರೆ ವಿಮೆಯವರು ಕೈ ಎತ್ತುತ್ತಿದ್ದರು. ಹೊರಡುವ ಮುಂಚೆಯೇ ಕಾಗದ ಕೇಳಿ ನೋಡಿ. ಕೊಡಲು ತಡವರಿಸಿದರೆ ಅಲ್ಲಿಗೇ ಬಿಡಿ.

ಡಿಯಾನಿ ಡೈವಿಂಗ್ ಬೆಳಿಗ್ಗೆ ಎಂಟಕ್ಕೆ ಅಂತ ಪಟ್ಟಿಯಲ್ಲಿತ್ತು. ಹಿಂದಿನ ದಿನವಷ್ಟೇ ಹುಣ್ಣಿಮೆ ಕಳೆದಿತ್ತು. ಈ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ 3 ಮೀಟರಿಗಿಂತ ಜಾಸ್ತಿ ವ್ಯತ್ಯಾಸ. ನಮ್ಮ ಕರಾವಳಿಯಲ್ಲಿ ಇಷ್ಟು ನೋಡಲು ಸಿಗುವುದಿಲ್ಲ. ನಾವು ಹೋದಾಗ ನೀರು ಇಳಿದು ಮರಳು, ಹವಳದ ಕಲ್ಲು ಎಲ್ಲಾ ಮೇಲೆ ಕಾಣುತ್ತಿತ್ತು. ದೋಣಿ ಹೊರಗೆ ಹೋಗುವ ಕಂಡಿಯಲ್ಲಿ ನೀರಿಲ್ಲ. ಬಿಸಿಲಲ್ಲಿ ಕಾಯಿಸಿದರು. ಉಬ್ಬರ ಬಂದ ಮೇಲೆ ಹೊರಟಾಗ ಗಾಳಿಯೂ ಏರಿತ್ತು. ಉಬ್ಬರ ಇಳಿತದ ಪಟ್ಟಿ ಯಾರ ಮೊಬೈಲಿನಲ್ಲೂ ಸಿಗುತ್ತದೆ. ಡೈವಿಂಗ್ ನಡೆಸುವವರು ಅದನ್ನು ನೋಡಿಯೇ ಸಮಯ ಇಡುತ್ತಾರೆ. ಇಲ್ಲಿ ಸಮಯ ಇಟ್ಟದ್ದು ಏಜೆಂಟ್, ನೈರೋಬಿಯಲ್ಲಿ ಕೂತುಕೊಂಡು.

ನನ್ನ ಸರ್ಟಿಫಿಕೇಟ್ ಯಾರೂ ಕೇಳಲಿಲ್ಲ. ಆರೋಗ್ಯದ ಫಾರಂ ಕೊಡಲಿಲ್ಲ. ಅಕ್ಕನಿಗೆ ನೆಗಡಿ ಇತ್ತು, ಇದು ಅವಳ ಮೊದಲ ಡೈವ್ ಬೇರೆ. ಫಾರಂ ಇದ್ದಿದ್ದರೆ ನೆಗಡಿ, ಸೈನಸ್, ಕಿವಿ ಎಲ್ಲಾ ಅದರಲ್ಲಿ ಬರುತ್ತಿತ್ತು, ಅವಳನ್ನು ದಡದಲ್ಲೇ ಕೂರಿಸುತ್ತಿದ್ದರು. ಮೊದಲ ಸಲದವರಿಗೆ ಈಜುಕೊಳದಲ್ಲೋ ಸೊಂಟಮಟ್ಟದ ನೀರಿನಲ್ಲೋ ಮಾಸ್ಕಿನೊಳಗೆ ಬಂದ ನೀರು ತೆಗೆಯುವುದು, ಕಿವಿಯ ಒತ್ತಡ ಬಿಡಿಸಿಕೊಳ್ಳುವುದು ಕಲಿಸಬೇಕು. 'ಹೊತ್ತಾಯಿತು, ದೋಣಿಯಲ್ಲೇ ಹೇಳ್ತೀನಿ' ಎಂದ ಡೈವ್ ಲೀಡರ್. ಆ ಅಲೆಯಲ್ಲಿ ಅರ್ಧ ಜನ ವಾಂತಿ ಮಾಡುತ್ತಿದ್ದರು, ಇವನ ಪಾಠ ಯಾರಿಗೆ ಕೇಳುತ್ತದೆ?

ನನ್ನ ಸಿಲಿಂಡರಿನ ಗೇಜ್ ನೋಡಿದೆ, 140 ಬಾರ್. ತುಂಬಿದ ಸಿಲಿಂಡರ್ 200ರ ಹತ್ತಿರ ಇರಬೇಕು. ಬದಲಾಯಿಸಿ ಎಂದೆ. ಬೇರೆ ಇಲ್ಲ ಎಂದರು. ಕಡಲ ನಡುವೆ ಜಗಳ ಕಾದು ಏನು ಪ್ರಯೋಜನ ಅಂತ ನಾನು ದೋಣಿಯಲ್ಲೇ ಉಳಿದೆ. ಭಾವ ಮತ್ತು ಅಕ್ಕ ಇಳಿದರು. ನಾಲ್ಕೈದು ಮೀಟರಿನಲ್ಲೇ ಅಕ್ಕನಿಗೆ ಕಿವಿ ನೋವು ಬಂದಿದೆ. ಕಿವಿ ತೋರಿಸಿ, ಅಂಗೈ ಅಲ್ಲಾಡಿಸಿ 'ಸರಿ ಇಲ್ಲ' ಅಂದಿದ್ದಾಳೆ. ಲೀಡರ್ ಹೆಬ್ಬೆರಳು, ತೋರುಬೆರಳು ಸೇರಿಸಿ 'ಓಕೆ' ಅಂತ ತೋರಿಸಿ, ಅವಳ ಜಾಕೆಟ್ ಹಿಡಿದು ಕೆಳಗೆ ಎಳೆದಿದ್ದಾನೆ. ಭಾವ ಕಂಡು ಮಧ್ಯೆ ಹೋಗಿ ನಿಧಾನವಾಗಿ ಮೇಲೆ ಕರೆತಂದರು. ಅವಳು ಮಾಸ್ಕ್ ತೆಗೆದಾಗ ಮೂಗಿನಿಂದ ರಕ್ತ. ಲೀಡರ್ ಮಾತ್ರ 'ಇದೆಲ್ಲಾ ನಾರ್ಮಲ್' ಎಂದ.

ಮೊಂಬಾಸಾದ ವೈದ್ಯರು ನೋಡಿ, ಕಿವಿಯ ತಮಟೆಗೆ ಪೆಟ್ಟಾಗಿ ರಕ್ತ ಕಟ್ಟಿದೆ, ವಾಸಿಯಾಗುವವರೆಗೆ ನೀರಿಗೆ ಇಳಿಯುವ ಹಾಗಿಲ್ಲ ಎಂದರು. ನಮ್ಮ ಪ್ರವಾಸದ ವಿಮೆಯಲ್ಲಿ ಸ್ಕೂಬಾ ಸೇರಿರಲಿಲ್ಲ. 'ನಮ್ಮ ಪ್ಯಾಕೇಜಿನಲ್ಲೇ ವಿಮೆ ಇದೆ' ಅಂತ ಏಜೆಂಟ್ ಬರೆದು ಕಳಿಸಿದ್ದ. ಪಾಲಿಸಿ ನಂಬರ್ ಕೇಳಿದ್ದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ. ಡೈವರ್‌ಗಳಿಗೆಂದೇ ವಿಮೆ ಸಿಗುತ್ತದೆ, ದುಬಾರಿಯೂ ಅಲ್ಲ. ಅದನ್ನು ನೀವೇ ಮಾಡಿಸಿಕೊಳ್ಳಿ. ರೀಕಂಪ್ರೆಷನ್ ಚೇಂಬರ್ (ಡೈವಿಂಗಿನಿಂದ ಮೈಯಲ್ಲಿ ಗುಳ್ಳೆಗಟ್ಟಿದರೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ) ಹತ್ತಿರ ಎಲ್ಲಿದೆ ಅಂತಲೂ ಡೈವಿಂಗ್ ಅಂಗಡಿಯಲ್ಲಿ ಕೇಳಿ. ತಟ್ಟನೆ ಹೇಳದವರ ಜೊತೆ ಇಳಿಯಬೇಡಿ.

ಇನ್ನು ವಾಸಿನಿ. ಶಿಮೋನಿ ಜೆಟ್ಟಿಯಿಂದ ಹಾಯಿದೋಣಿಯಲ್ಲಿ ಕಿಸಿಟೆ-ಮ್ಪುಂಗುಟಿ ಕಡಲ ಉದ್ಯಾನ, ಅಲ್ಲಿ ಸ್ನಾರ್ಕೆಲಿಂಗ್, ವಾಸಿನಿ ದ್ವೀಪದಲ್ಲಿ ಏಡಿ ಊಟ. ಒಳ್ಳೆಯ ಕಾಲದಲ್ಲಿ ಹೋದರೆ ಈ ಕರಾವಳಿಯಲ್ಲೇ ಇದಕ್ಕಿಂತ ಚಂದದ ದಿನ ಸಿಗಲ್ಲ, ಡಾಲ್ಫಿನ್ ಕೂಡ ಕಾಣುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ನಂಬುತ್ತೇನೆ. ಉದ್ಯಾನದ ಶುಲ್ಕ ಪ್ಯಾಕೇಜಿನಲ್ಲೇ ಇದೆ ಎಂದಿದ್ದ. ಅಲ್ಲಿ ಹೋದರೆ ದುಡ್ಡು ಕಟ್ಟಿಯೇ ಇಲ್ಲ. ಫೋನ್ ಮಾಡಿದರೆ, 'ಮೂವರೂ ಇಲ್ಲಿನ ನಿವಾಸಿಗಳು ಅಂತ ಹೇಳಿ, ಆ ದರದಲ್ಲಿ ಕಟ್ಟುತ್ತೇನೆ' ಎನ್ನುತ್ತಾನೆ! ಅಕ್ಕ, ಭಾವನಿಗೆ ಅಲ್ಲಿನ ಕಾರ್ಡ್ ಇದೆ, ನನ್ನ ಹತ್ತಿರ ಏನಿದೆ? ಪರದೇಶದಲ್ಲಿ ಸರ್ಕಾರಿ ಜನರ ಮುಂದೆ ಸುಳ್ಳು ಹೇಳಿ ಸಿಕ್ಕಿಬೀಳುವುದು ನಾನು, ಅವನಲ್ಲ. ಕೀನ್ಯಾ ವನ್ಯಜೀವಿ ಸೇವೆಯವರು ನಗದು ತಗೊಳ್ಳುವುದಿಲ್ಲ, ಸರ್ಕಾರದ ಇ-ಸಿಟಿಜನ್ ಪೋರ್ಟಲಿನಲ್ಲಿ ಕಟ್ಟಬೇಕು. ರಸೀದಿ ನಿಮ್ಮ ಹೆಸರಿಗೇ ಬರುತ್ತದೆ. ಆದ್ದರಿಂದ ಅದನ್ನು ಏಜೆಂಟನಿಗೆ ಬಿಡಲೇಬೇಡಿ.

ದೋಣಿಯ ನಾಖುದಾ ವಯಸ್ಸಾದವರು. ಮೋಡ, ನೀರು ಎರಡೂ ನೋಡಿ 'ಇವತ್ತು ಬೇಡ, ನಾಳೆ ಬೆಳಿಗ್ಗೆ ನೋಡೋಣ' ಎಂದರು. ಅಷ್ಟರಲ್ಲಿ ಏಜೆಂಟ್ ಅವರಿಗೆ ಫೋನ್ ಮಾಡಿದ. ಸ್ವಾಹಿಲಿಯಲ್ಲಿ ಮಾತಾಯಿತು. ಭಾವನಿಗೆ ಸ್ವಲ್ಪ ಅರ್ಥವಾಗುತ್ತದೆ. ಇವತ್ತು ಹೋದರೆ ದುಡ್ಡು, ಇಲ್ಲದಿದ್ದರೆ ಇಲ್ಲ ಅಂತ ಅವನು ಅಂದನಂತೆ. ಪಾಪ, ಅವರು ಹಾಯಿ ಬಿಚ್ಚಲು ಎದ್ದರು. ಲೈಫ್ ಜಾಕೆಟ್ ಎಲ್ಲಿ ಅಂತ ಕೇಳಿದೆ. ಹಲಗೆಯ ಕೆಳಗಿನಿಂದ ತೆಗೆದು ಕೊಟ್ಟರು. ಕೆಲವಕ್ಕೆ ಬಕಲ್ ಇಲ್ಲ, ಮಕ್ಕಳ ಅಳತೆಯದ್ದು ಒಂದೂ ಇಲ್ಲ. ನಮ್ಮ ಜೊತೆ ಇನ್ನೊಂದು ಕುಟುಂಬದ ಚಿಕ್ಕ ಹುಡುಗಿ ಇದ್ದಳು. ನಾವು ಹತ್ತುವುದಿಲ್ಲ ಎಂದೆವು, ಆ ಕುಟುಂಬದವರೂ ಹಾಗೇ ಎಂದರು. ನಾಖುದಾರ ಮುಖದಲ್ಲಿ ನಿರಾಳ ಕಂಡಿತು. ಅವರ ದಿನದ ಕೂಲಿ ನಾವೆಲ್ಲಾ ಸೇರಿ ಕೈಗೇ ಕೊಟ್ಟೆವು. ತಪ್ಪು ಅವರದ್ದಲ್ಲ ಅನ್ನುವ ಕಾರಣಕ್ಕೆ.

ಅದೇ ಸಂಜೆ ಕಿಲಿಫಿಯಲ್ಲಿ ಹಾಯಿ ಅಂತ ಪಟ್ಟಿಯಲ್ಲಿತ್ತು. ಶಿಮೋನಿಯಿಂದ ಲಿಕೋನಿ ದೋಣಿಕಟ್ಟೆಯ ಸಾಲು, ಮೊಂಬಾಸಾ, ಮ್ತ್ವಾಪದ ಟ್ರಾಫಿಕ್ ಎಲ್ಲಾ ದಾಟಿ ಹೋಗುವಷ್ಟರಲ್ಲಿ ಕತ್ತಲು. ಅದರ ದುಡ್ಡೂ ಹೋಯಿತು.

ಎಲ್ಲಕ್ಕಿಂತ ಅಪಾಯದ್ದು ಕೊನೆಯ ದಿನ. ವಾಟಮುವಿನ ಡೈವಿಂಗ್ ಅಂಗಡಿಯವರು ಒಳ್ಳೆಯವರು. ಸರ್ಟಿಫಿಕೇಟ್ ನೋಡಿದರು, ಫಾರಂ ಬರೆಸಿದರು, ಗಾಳಿ ಸ್ವಲ್ಪ ತಗ್ಗಿದ ಬೆಳಿಗ್ಗೆ ಹತ್ತಿರದ ಜಾಗಕ್ಕೆ ಎರಡು ಡೈವ್ ಮಾಡಿಸಿದರು. ನೀರು ಕದಡಿತ್ತು, ಆದರೂ ಕಡಲಾಮೆ ಕಂಡಿತು. ಮೇಲೆ ಬಂದರೆ ಡ್ರೈವರ್ ಬ್ಯಾಗುಗಳನ್ನೆಲ್ಲಾ ಕಾರಿಗೆ ತುಂಬಿಸಿ ನಿಂತಿದ್ದಾನೆ. ಊಟ ಮುಗಿಸಿ ನೇರ ನೈರೋಬಿಗೆ, ಮರುದಿನ ಬೆಳಿಗ್ಗೆ ಕಾರು ಬೇರೆ ಗಿರಾಕಿಗೆ ಬುಕ್ ಆಗಿದೆಯಂತೆ.

ಇದರಲ್ಲಿ ಏನು ತೊಂದರೆ ಅಂತ ಡೈವ್ ಮಾಡದವರಿಗೆ ಅನ್ನಿಸಬಹುದು. ನೈರೋಬಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿ. ಆಳದಲ್ಲಿ ಉಸಿರಾಡಿದ ನೈಟ್ರೋಜನ್ ಮೈಯಲ್ಲಿ ಕರಗಿರುತ್ತದೆ, ನಿಧಾನವಾಗಿ ಹೊರಗೆ ಹೋಗಬೇಕು. ಅದಕ್ಕೆ ಮುಂಚೆ ಒತ್ತಡ ಕಮ್ಮಿ ಇರುವ ಎತ್ತರಕ್ಕೆ ಹೋದರೆ ಗುಳ್ಳೆಗಟ್ಟುತ್ತದೆ. ಕೀಲು ನೋವಿನಿಂದ ಹಿಡಿದು ಕೈಕಾಲು ಸ್ವಾಧೀನ ತಪ್ಪುವವರೆಗೆ ಏನೂ ಆಗಬಹುದು. ವಿಮಾನ ಹತ್ತುವ ಮುಂಚೆ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಿರಿ ಅಂತ ಡೈವರ್‌ಗಳ ಸುರಕ್ಷತೆ ನೋಡುವ ಡ್ಯಾನ್ ಸಂಸ್ಥೆಯ ಸಲಹೆ. ಅದು ಬೆಟ್ಟದೂರಿಗೆ ಕಾರಿನಲ್ಲೋ ರೈಲಿನಲ್ಲೋ ಹೋಗುವವರಿಗೂ ಅನ್ವಯ. 'ವಿಮಾನ ಅಲ್ವಲ್ಲ, ಕಾರು ತಾನೇ' ಎಂದ ಏಜೆಂಟ್ ಫೋನಿನಲ್ಲಿ. ಮೇಲಾಗಿ 600 ಕಿಲೋಮೀಟರ್ ಹತ್ತಿರದ ದಾರಿ, ಅರ್ಧಕ್ಕಿಂತ ಜಾಸ್ತಿ ಕತ್ತಲಲ್ಲಿ, ಹಿಂದಿನ ರಾತ್ರಿ ಕಾರಿನಲ್ಲೇ ಮಲಗಿದ್ದ ಡ್ರೈವರ್ ಜೊತೆ.

ಬ್ಯಾಗ್ ಇಳಿಸಿಕೊಂಡೆವು. ಕಾರು ಖಾಲಿ ಹೋಯಿತು. ಆ ರಾತ್ರಿಯ ಕೋಣೆ ನಮ್ಮ ಖರ್ಚು. ಮರುದಿನ ಮಧ್ಯಾಹ್ನದ ಮೇಲೆ ಮೊಂಬಾಸಾದಿಂದ ಎಸ್‌ಜಿಆರ್ ರೈಲು ಹಿಡಿದೆವು. 2017ರಲ್ಲಿ ಶುರುವಾದ ರೈಲು, ಚೆನ್ನಾಗಿದೆ. ಟಿಕೆಟ್ ಮುಂಚೆಯೇ ಮಾಡಿಸಿ, ಆಮೇಲೆ ಸಿಗುವುದು ಕಷ್ಟ. ಹೋಗುವಾಗಲೂ ಬರುವಾಗಲೂ ಇದರಲ್ಲೇ ಓಡಾಡಿ, ಕರಾವಳಿಯಲ್ಲಿ ಮಾತ್ರ ಕಾರು ಮಾಡಿಕೊಳ್ಳುವುದು ಒಳ್ಳೆಯದು.

ಏಜೆಂಟ್ ಹೇಳದೇ ಬಿಟ್ಟ ಇನ್ನೊಂದು ವಿಷಯ, ಹಳದಿ ಜ್ವರದ ಲಸಿಕೆ. ಕೀನ್ಯಾದಿಂದ ಭಾರತಕ್ಕೆ ಬರುವವರು ಅದರ ಕಾರ್ಡ್ ತೋರಿಸಬೇಕು, ಪ್ರಯಾಣಕ್ಕೆ 10 ದಿನ ಮುಂಚೆ ಹಾಕಿಸಿರಬೇಕು. ಇಲ್ಲದಿದ್ದರೆ ಕ್ವಾರಂಟೈನಿನಲ್ಲಿ ಕೂರಿಸುತ್ತಾರೆ. ನಾನು ಹಾಕಿಸಿಕೊಂಡಿದ್ದೆ. ನಮ್ಮ ಜೊತೆ ಶಿಮೋನಿಯಲ್ಲಿದ್ದ ಕುಟುಂಬಕ್ಕೆ ಗೊತ್ತೇ ಇರಲಿಲ್ಲ.

ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ದಸರಾ ಆದ ಮೇಲೆ, ಅಕ್ಟೋಬರಿನಿಂದ ಮಾರ್ಚಿನ ನಡುವೆ ಹೋಗಿ. ಮೇ ರಜೆ ಬಿಟ್ಟು ಬೇರೆ ದಾರಿ ಇಲ್ಲದವರು ಪ್ರಾಣಿ ನೋಡಿ, ಮೊಂಬಾಸಾದ ಕೋಟೆ ನೋಡಿ, ಗೆಡೆಯ ಹಳೆಯ ಊರು ನೋಡಿ, ಡೈವಿಂಗಿಗೆ ದುಡ್ಡು ಕಟ್ಟಬೇಡಿ. ಕಾರು, ಡೈವಿಂಗ್, ದೋಣಿ ಮೂರನ್ನೂ ಬೇರೆ ಬೇರೆ ಜನರ ಹತ್ತಿರ, ಅಲ್ಲಿ ಹೋಗಿ ಕಣ್ಣಾರೆ ನೋಡಿ ಮಾತಾಡಿ. ಕಡಲಿನ ಪ್ರತಿ ಕಾರ್ಯಕ್ರಮಕ್ಕೂ ಒಂದು ಖಾಲಿ ದಿನ ಇಟ್ಟುಕೊಳ್ಳಿ. ಕೊನೆಯ ಡೈವ್ ಆದ ಮೇಲೆ ಒಂದು ಪೂರ್ತಿ ದಿನ ಸಮುದ್ರಮಟ್ಟದಲ್ಲೇ ಇರಿ. ಪ್ಯಾಕೇಜೇ ಬೇಕೆಂದರೆ ಕೀನ್ಯಾ ಸರ್ಕಾರದ ಟೂರಿಸಂ ರೆಗ್ಯುಲೇಟರಿ ಅಥಾರಿಟಿಯ ಪರವಾನಗಿ ಇದೆಯಾ ಅಂತ ಕೇಳಿ.

ನಮ್ಮ ಮುಂಗಡ ವಾಪಸ್ ಬಂದಿಲ್ಲ. ಎಂ-ಪೆಸಾದಲ್ಲಿ (ಮೊಬೈಲಿನಲ್ಲಿ ದುಡ್ಡು ಕಳಿಸುವ ಅಲ್ಲಿನ ಸೇವೆ) ಒಬ್ಬ ವ್ಯಕ್ತಿಯ ಹೆಸರಿಗೆ ಹೋದ ದುಡ್ಡು, ಬಿಲ್ ಕೊಟ್ಟಿಲ್ಲ. ಭಾವ ಅದೇ ಅಥಾರಿಟಿಗೆ ದೂರು ಬರೆದಿದ್ದಾರೆ. ಜಾಹೀರಾತು ಈಗ ಬೇರೆ ಹೆಸರಿನಲ್ಲಿ ಓಡುತ್ತಿದೆ, ಫೋಟೋಗಳು ಮಾತ್ರ ಅವೇ: ನೀಲಿ ನೀರು, ಬಿಳಿ ಹಾಯಿ, ನಗುತ್ತಿರುವ ಮಕ್ಕಳು. ಮಕ್ಕಳಲ್ಲಿ ಒಬ್ಬರ ಮೈಮೇಲೂ ಲೈಫ್ ಜಾಕೆಟ್ ಇಲ್ಲ.