ದಿನಾ ಹಾಕುವ ಕರಿಮಣಿ ಶೋರೂಮಿನದ್ದೋ, ಆಚಾರ್ರು ಕಟ್ಟಿದ್ದೋ?

ಮೊದಲೇ ಹೇಳಿಬಿಡುತ್ತೇನೆ, ದಿನಾ ಕುತ್ತಿಗೆಯಲ್ಲಿರುವ ಕರಿಮಣಿಗೆ ನನ್ನ ಓಟು ಉಡುಪಿಯ ಆಚಾರ್ರಿಗೆ, ಅಂದರೆ ಅಕ್ಕಸಾಲಿಗರಿಗೆ. ಎರಡನ್ನೂ ಹಾಕಿ ನೋಡಿದ್ದೇನೆ. ಒಂದು ಮಂಗಳೂರಿನ ದೊಡ್ಡ ಶೋರೂಮಿನಲ್ಲಿ ಕೊಂಡದ್ದು. ಇನ್ನೊಂದು ರಥಬೀದಿಯ ಹತ್ತಿರ ಸಣ್ಣ ಕೋಣೆಯಲ್ಲಿ ಕೂತು ಕೆಲಸ ಮಾಡುವ ಆಚಾರ್ರು ಕಟ್ಟಿಕೊಟ್ಟದ್ದು. ಎರಡೂ 22 ಕ್ಯಾರೆಟ್, ಎರಡೂ ಹೆಚ್ಚುಕಡಿಮೆ ಎರಡು ಪವನ್ (ಒಂದು ಪವನ್ ಅಂದರೆ 8 ಗ್ರಾಂ).

ಶೋರೂಮಿನ ಸರ ನೋಡಲು ತುಂಬಾ ಚಂದ. ಮಣಿಗಳೆಲ್ಲ ಒಂದೇ ಗಾತ್ರ, ಹೊಳಪೂ ಜಾಸ್ತಿ. ತೊಂದರೆ ಇದ್ದದ್ದು ಕೊಂಡಿಯಲ್ಲಿ. ಕರಿಮಣಿಯ ಒಂದೊಂದು ಮಣಿಯ ಒಳಗೂ ಚಿನ್ನದ ತಂತಿ ಹೋಗುತ್ತದೆ. ಅದರ ಎರಡೂ ತುದಿ ಬಗ್ಗಿಸಿ, ಕೊಂಡಿ ಮಾಡಿ, ಮುಂದಿನ ಮಣಿಗೆ ಸೇರಿಸುತ್ತಾರೆ. ಈ ಸರದಲ್ಲಿ ಕೊಂಡಿಗಳನ್ನು ಬರೀ ಬಗ್ಗಿಸಿ ಬಿಟ್ಟಿದ್ದರು. ಬಸ್ಸಿನಲ್ಲಿ ಬ್ಯಾಗಿನ ಪಟ್ಟಿ ತಾಗಿ ಎಳೆದರೆ ಸಾಕು, ಒಂದು ಕೊಂಡಿ ಬಾಯಿ ಬಿಡುತ್ತಿತ್ತು. ಆಮೇಲೆ ಅದು ಸೀರೆಯ ನೂಲು ಎಳೆಯುತ್ತಿತ್ತು, ಕತ್ತಿನ ಹಿಂದೆ ಕೂದಲು ಕೀಳುತ್ತಿತ್ತು. ಒಂದು ದಿನ ತರಗತಿಯಲ್ಲೇ ಸರ ಎರಡು ತುಂಡಾಗಿ ಮೇಜಿನ ಮೇಲೆ ಬಿತ್ತು. ಕರಿಮಣಿ ಕಡಿದರೆ ಮನಸ್ಸಿಗೆ ಎಷ್ಟು ಕಸಿವಿಸಿ ಅಂತ ಹಾಕುವವರಿಗೆ ಗೊತ್ತು.

ಶೋರೂಮಿನವರು ಇಕ್ಕಳದಲ್ಲಿ ಒತ್ತಿ ಕೊಟ್ಟರು. ಮತ್ತೆ ಬಿಟ್ಟಿತು. ಬೆಸುಗೆ ಹಾಕಿ ಅಂದೆ, ಫ್ಯಾಕ್ಟರಿಗೆ ಕಳಿಸಿ ನೋಡಬೇಕು ಅಂದರು. ಆಚಾರ್ರಿಗೆ ತೋರಿಸಿದೆ. ಭೂತಗನ್ನಡಿಯಲ್ಲಿ ನೋಡಿ, "ಬೆಸುಗೆ ಹಾಕ್ಲಿಕ್ಕೆ ಆಗುದಿಲ್ಲ ಅಕ್ಕ, ಬೆಂಕಿ ತಾಗಿದ್ರೆ ಮಣಿ ಒಡಿತದೆ. ತಂತಿಯೂ ತೆಳು ಉಂಟು" ಅಂದರು.

ಅವರು ಕಟ್ಟುವ ಕ್ರಮವೇ ಬೇರೆ. ಕೊಂಡಿ ಬಗ್ಗಿಸಿದ ಮೇಲೆ ತಂತಿಯ ತುದಿಯನ್ನು ಅದರ ಬುಡಕ್ಕೆ ಎರಡು ಸುತ್ತು ಸುತ್ತುತ್ತಾರೆ. ಉಳಿದದ್ದನ್ನು ಕತ್ತರಿಸಿ ಮೊನೆಯನ್ನು ಒಳಗೆ ಒತ್ತಿಬಿಡುತ್ತಾರೆ. ಬೆಸುಗೆಯೇ ಬೇಡ. ಸರದ ಉದ್ದಕ್ಕೂ ಬೆರಳಾಡಿಸಿದರೆ ಎಲ್ಲೂ ಚುಚ್ಚುವುದಿಲ್ಲ. ತಂತಿ ದಪ್ಪವಾದ್ದರಿಂದ ಅಷ್ಟೇ ಚಿನ್ನದಲ್ಲಿ ಸರ ಸ್ವಲ್ಪ ಗಿಡ್ಡವಾಯಿತು. ನನಗೇನೂ ಅಡ್ಡಿಯಿಲ್ಲ.

ಕೂಲಿಯ ಮಾತು. ಶೋರೂಮಿನಲ್ಲಿ ಮೇಕಿಂಗ್ ಚಾರ್ಜ್ ಚಿನ್ನದ ಬೆಲೆಯ ಮೇಲೆ ಶೇಕಡಾ ಲೆಕ್ಕ. ಚಿನ್ನ ಏರಿದರೆ ಅದೂ ಏರುತ್ತದೆ, ಕೆಲಸ ಮಾತ್ರ ಅಷ್ಟೇ! ಆಚಾರ್ರದ್ದು ಪವನಿಗೆ ಇಷ್ಟು ಅಂತ ಮೊದಲೇ ಮಾತಾಡಿದ ಕೂಲಿ. ನನ್ನ ಹಳೆ ಬಳೆಯನ್ನು ಬಿಳಿಗಾರ ಹಾಕಿ ನನ್ನೆದುರೇ ಕರಗಿಸಿ ತೂಗಿದರು. ಹಳೆ ಒಡವೆಯಲ್ಲಿ ಬೆಸುಗೆ ಜಾಸ್ತಿ ಇದ್ದರೆ ಕರಗಿಸಿದ ಚಿನ್ನ 22 ಕ್ಯಾರೆಟಿಗೆ ನಿಲ್ಲುವುದಿಲ್ಲ, ಶುದ್ಧ ಚಿನ್ನ ಸೇರಿಸಬೇಕಾಗುತ್ತದೆ. ಆ ಖರ್ಚನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಹಾಲ್‌ಮಾರ್ಕ್ ವಿಷಯದಲ್ಲಿ ಶೋರೂಮೇ ನಿಶ್ಚಿಂತೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಜೊತೆ ಪ್ರತಿ ಒಡವೆಗೂ ಬೇರೆಬೇರೆಯಾದ 6 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ ಇರಲೇಬೇಕು. ಆದರೆ ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟು ಇರುವವರಿಗೆ ವಿನಾಯಿತಿ ಇದೆ, ಹಾಗಾಗಿ ಸಣ್ಣ ಆಚಾರ್ರ ಹತ್ತಿರ ಮುಂಚೆಯೇ ಕೇಳಿ. ನಮ್ಮ ಆಚಾರ್ರು ನೋಂದಣಿ ಮಾಡಿಸಿದ್ದಾರೆ. ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿ ನೋಡಿಯೇ ಕೂಲಿ ಕೊಟ್ಟೆ.

ಡಿಸೈನ್ ಶೋರೂಮಿನಲ್ಲಿ ಜಾಸ್ತಿ. ಸರ ಅದೇ ದಿನ ಕೈಗೆ ಸಿಗುತ್ತದೆ. ಆಚಾರ್ರು ಹೇಳಿದ ವಾರ ಕೊಡಲಿಲ್ಲ, ಫೋನ್ ಮಾಡುತ್ತಲೇ ಇರಬೇಕಾಯಿತು. ಇನ್ನು ಬರೀ ಚಿನ್ನದ ಲೇಪ ಇರುವ ಒಂದು ಗ್ರಾಂ ಗೋಲ್ಡಿನದ್ದು ನಮ್ಮ ಕರಾವಳಿಯ ಬೆವರಿಗೆ ತಡೆಯುವುದಿಲ್ಲ.

ನಾನು ಮಲಗುವಾಗಲೂ ಸರ ತೆಗೆಯುವವಳಲ್ಲ. ದಿನಾ ಮಣಿಪಾಲಕ್ಕೆ ಬಸ್ಸು, ಮತ್ತೆ ಮತ್ತೆ ರಿಪೇರಿಗೆ ಕೊಡುವಷ್ಟು ದುಡ್ಡೂ ಇಲ್ಲ. ಹಾಗಾಗಿ ಆಚಾರ್ರದ್ದೇ ಸರಿ. ಮದುವೆ-ಮುಂಜಿಗೆ ಮಾತ್ರ ಹಾಕುವವರು ಶೋರೂಮಿನದ್ದನ್ನೇ ಕೊಳ್ಳಬಹುದು. ಎಲ್ಲೇ ಕೊಂಡರೂ ಮಣಿಯ ತೂಕ ಕಳೆದು ಬರೀ ಚಿನ್ನಕ್ಕೆ ಬಿಲ್ ಹಾಕಿಸಿ. ಶೋರೂಮಿನ ಸರವನ್ನೂ ಬಿಡಿಸಿ, ದಪ್ಪ ತಂತಿಯಲ್ಲಿ ಕಟ್ಟಲು ಆಚಾರ್ರಿಗೇ ಕೊಟ್ಟಿದ್ದೇನೆ. ದೀಪಾವಳಿಯೊಳಗೆ ಕೊಡುತ್ತೇನೆ ಅಂದಿದ್ದಾರೆ.